ಗೊಂಬೆ ಕಳಸದ ಪಕ್ಕದ ಮಣೆ

ಅಗ್ರಹಾರದ ನನ್ನ ಫೋಟೊ ಸ್ಟುಡಿಯೋದಲ್ಲಿ ಎಷ್ಟೋ ವಧುಗಳನ್ನು ಬೆಳ್ಳಗೆ ಮಾಡಿದ್ದೇನೆ, ವರರಿಗೆ ಕೂದಲು ಬರಿಸಿದ್ದೇನೆ. ಅದಕ್ಕೆ ಯಾರೂ ಬೈಯಲಿಲ್ಲ. ಎರಡು ಕಡೆಯವರೂ ಹಾಗೇ ಮಾಡಿಸುತ್ತಿದ್ದರು. ನನ್ನನ್ನು ಈಗಲೂ ಚುಚ್ಚುವುದು ಒಂದು ಮಣೆ.

ನಮ್ಮ ಬೀದಿಯಲ್ಲೇ ನನ್ನ ಗೆಳೆಯ ಬೀಟೆ ಮರದ ದೇವರ ಮಣೆ ಮಾಡುತ್ತಿದ್ದ. ಗೇಣುದ್ದದ ಮಣೆ, ಅಂಚಿಗೆಲ್ಲ ಬಿಳಿ ಮರದ ಹೂಬಳ್ಳಿ. ಎರಡು ಸಾವಿರದ ಐದಾರನೇ ಇಸವಿಯ ಸುಮಾರಿಗೆ ಇಂಟರ್‌ನೆಟ್ ಅಂಗಡಿಯೊಂದು ಅದನ್ನು ಮಾರಲು ಒಪ್ಪಿ ಫೋಟೊ ಕೇಳಿತು. ಬರೀ ಮಣೆ ಬೋಳಾಗಿ ಕಂಡಿತು. ಹೆಂಡತಿಯ ದಸರಾ ಗೊಂಬೆ ಪೆಟ್ಟಿಗೆಯಿಂದ ಹೆಬ್ಬೆರಳಷ್ಟು ಎತ್ತರದ ಕಳಸ ತಂದು ಪಕ್ಕದಲ್ಲಿಟ್ಟೆ. ಫೋಟೊದಲ್ಲಿ ಕಳಸ ನಿಜದ್ದರಷ್ಟು ದೊಡ್ಡದಾಗಿ ಕಂಡು, ಮಣೆ ಮದುಮಕ್ಕಳು ಕೂರುವ ಹಸೆಮಣೆಯಾಗಿಬಿಟ್ಟಿತು. ನೋಡಿ ಖುಷಿಪಟ್ಟೆ. ಗೆಳೆಯನಿಗೂ ತೋರಿಸದೆ, ಅಳತೆಯನ್ನೂ ಬರೆಯದೆ ಕಳಿಸಿದೆ.

ತಿಂಗಳೊಳಗೆ ಯಾದವಗಿರಿ ಬಡಾವಣೆಯ ಹಿರಿಯರೊಬ್ಬರು ಮಣೆಯನ್ನು ಕಂಕುಳಲ್ಲಿಟ್ಟುಕೊಂಡು, ಫೋಟೊದ ಪ್ರಿಂಟು ಹಿಡಿದು ಗೆಳೆಯನ ಅಂಗಡಿಗೆ ಬಂದರು. ನಾನೂ ಅಲ್ಲೇ ಕೂತಿದ್ದೆ.

“ಬರೋ ವಾರ ಮಗಳ ಮದುವೆ ಕಣ್ರೀ. ಇದರ ಮೇಲೆ ಅಳಿಯಂದಿರ ಯಾವ ಭಾಗ ಕೂರಿಸ್ಲಿ, ನೀವೇ ಹೇಳಿ!”

ಗೆಳೆಯ ಫೋಟೊ ನೋಡಿ ಬೆವೆತ. “ಎಲ್ಲೋ ಅದಲುಬದಲಾಗಿದೆ ಸ್ವಾಮಿ, ಹಸೆಮಣೆ ಬದಲು ದೇವರ ಮಣೆ ಕಳಿಸ್ಬಿಟ್ಟಿದೀನಿ. ದೊಡ್ಡದು ಮಾಡ್ಕೊಡ್ತೀನಿ.”

ಅವರು ಪ್ರಿಂಟು ಅಲ್ಲೇ ಬಿಟ್ಟು ಹೋದ ಮೇಲೆ ಗೆಳೆಯ ಹೇಳಿದ: “ಅಪ್ಪನ ಕಾಲದಿಂದ ಇಂಥ ಮಾತು ಕೇಳಿರ್ಲಿಲ್ಲ ಕಣೋ. ಮರೆವು ಬಂದ್ಬುಡ್ತಾ ನಂಗೆ? ಇನ್ನು ಉಳಿ ಮುಟ್ಟಬಾರ್ದೇನೋ.”

“ವಯಸ್ಸಾಯ್ತಲ್ಲಪ್ಪ,” ಅಂದೆ. ಹೌದು, ಹಾಗೇ ಅಂದೆ.

ಸಾಲದ್ದಕ್ಕೆ ಸಮಾಧಾನ ಮಾಡಲು ಮನೆಗೆ ಕರೆತಂದೆ. ಕಾಫಿ ತಂದ ನನ್ನ ಹೆಂಡತಿ ಅವನ ಕೈಯಲ್ಲಿದ್ದ ಪ್ರಿಂಟು ನೋಡಿದಳು.

“ಅಯ್ಯೋ, ನಮ್ಮ ಗೊಂಬೆ ಕಳಸ ಅಲ್ವೇನ್ರೀ ಇದು? ಮನೆಯೆಲ್ಲ ಹುಡುಕಿ ಸಾಕಾಯ್ತು!”

ಗೆಳೆಯ ಲೋಟ ಕೆಳಗಿಟ್ಟು ನನ್ನನ್ನೇ ನೋಡಿದ.

“ನಂಗೆ ಮರೆವಲ್ಲ, ನಿಂಗೆ ಮಾನ ಇಲ್ಲ. ಏಳು ಮೇಲೆ!”

ದೊಡ್ಡ ಮಣೆಗೆ ನಾಲ್ಕು ದಿನ ಉಪ್ಪುಕಾಗದ ಉಜ್ಜಿದವನು ನಾನೇ. ಅದನ್ನು ಹೊತ್ತು ಯಾದವಗಿರಿಗೆ ಹೋಗಿ ತಪ್ಪೊಪ್ಪಿಕೊಂಡವನೂ ನಾನೇ. ಆಮೇಲೆ ಗೆಳೆಯ ನನ್ನಿಂದಲೇ ಚಿಕ್ಕ ಮಣೆಯ ಹೊಸ ಫೋಟೊ ತೆಗೆಸಿದ. ಅಳತೆ ಗೊತ್ತಾಗಲೆಂದು ಕಳಸದ ಜಾಗದಲ್ಲಿ ನನ್ನ ಕೈ ಇಡಿಸಿದ. ಉಗುರೊಳಗೆ ಬೀಟೆಯ ಹುಡಿ ಹಾಗೇ ಇತ್ತು.

ಮಣೆ ಕೊಂಡವರೊಬ್ಬರು ಇಂಟರ್‌ನೆಟ್ ಅಂಗಡಿಗೆ ಬರೆದರು: “ಅಳತೆ ಸರಿಯಾಗಿದೆ, ಕೆಲಸ ಬಹಳ ಚೆಂದ. ಆ ಕೈಯವರಿಗೆ ಉಗುರು ಕತ್ತರಿಸಿಕೊಳ್ಳಲು ಹೇಳಿ.”

ಗೆಳೆಯ ಅದನ್ನು ಬೀದಿಗೆಲ್ಲ ಓದಿ ಹೇಳಿದ. ಉಳಿ ಮಾತ್ರ ಕೆಳಗಿಡಲಿಲ್ಲ. ನಾನು ಉಗುರು ಕತ್ತರಿಸಿಕೊಂಡೆ, ಫೋಟೊದಲ್ಲಿದ್ದ ಉಗುರನ್ನು ತಿದ್ದಲಿಲ್ಲ.