ನರ್ಜುಲ್ಲೊ ತಂದುಕೊಟ್ಟ ತೊಟ್ಟಿಲು

ಬುಖಾರಾದಲ್ಲಿ ಹಳೆಯ ಮನೆಗಳನ್ನು ಅತಿಥಿಗೃಹ ಮಾಡುವವರಿಗೆಲ್ಲ ನರ್ಜುಲ್ಲೊ ಬೇಕು. ಸುಣ್ಣ ಕೆರೆದು ಒಳಗಿನ ಮಣ್ಣಿನ ಇಟ್ಟಿಗೆ ಕಾಣುವಂತೆ ಮಾಡುವುದು, ಯಾರೋ ಕಿತ್ತೆಸೆದ ಕೆತ್ತನೆಯ ಬಾಗಿಲಿಗೆ ಕಾಲು ಕೊಟ್ಟು ಮೇಜು ಮಾಡುವುದು, ಅಜ್ಜಿಯರ ಕಸೂತಿ ಹೊದಿಕೆ, ಕಿಲುಬು ಹಿಡಿದ ತಾಮ್ರದ ಹೂಜಿ ಎಲ್ಲಿಟ್ಟರೆ ಕೋಣೆಗೆ ಕಳೆ ಬರುತ್ತದೆಂದು ಹೇಳುವುದು, ಎಲ್ಲ ಅವನಿಗೆ ನೀರು ಕುಡಿದಷ್ಟು ಸಲೀಸು. ಹಳೆಯದು ಸಿಗದಿದ್ದರೂ ಚಿಂತೆಯಿಲ್ಲ. ಅಕ್ರೋಟಿನ ಸಿಪ್ಪೆಯ ರಸ, ಕಡು ಚಹಾ, ಒಲೆಯ ಮಸಿ ಇದ್ದರೆ ನಿನ್ನೆ ಮಾಡಿದ ಪೆಟ್ಟಿಗೆಗೂ ನೂರು ವರ್ಷ ವಯಸ್ಸು ಬರಿಸುತ್ತಿದ್ದ. ಅದನ್ನು ಮೋಸ ಅಂದರೆ ಮಾತ್ರ ಮೂಗಿನ ತುದಿಗೆ ಕೋಪ.

"ನಿನ್ನ ಕೈಗೆ ಸಿಕ್ಕರೆ ನನ್ನನ್ನೂ ಮೊಳೆ ಹೊಡೆದು ಗೋಡೆಗೆ ನೇತುಹಾಕ್ತೀಯ ಕಣೋ," ಎಂದು ಅವನ ಅಕ್ಕ ಸಬೋಹತ್ ಗೇಲಿ ಮಾಡುತ್ತಿದ್ದಳು.

"ನಿನಗೆ ಮಸಿ ಬಳಿಯೋ ಖರ್ಚೂ ಇಲ್ಲ ಬಿಡಕ್ಕ. ನೀನಾಗೇ ಹಳೇದಾಗಿದೀಯ."

ಅಕ್ಕನ ಉಗ್ರಾಣದಲ್ಲಿ ಮನೆತನದ ತೊಟ್ಟಿಲಿತ್ತು, ಹಿಪ್ಪುನೇರಳೆ ಮರದ್ದು. ಮುತ್ತಜ್ಜಿಯಿಂದ ಹಿಡಿದು ನರ್ಜುಲ್ಲೊ, ಅವನ ಅಕ್ಕನ ಮಗಳವರೆಗೆ ಎಲ್ಲರೂ ಅದರಲ್ಲೇ ಮಲಗಿ ಬೆಳೆದವರು. ಒಂದು ಕೂಸೂ ಅದರಲ್ಲಿ ತೀರಿಕೊಂಡಿರಲಿಲ್ಲ. ನಮ್ಮ ಬುಖಾರಾದಲ್ಲಿ ತೊಟ್ಟಿಲಿಗೆ ಇದಕ್ಕಿಂತ ದೊಡ್ಡ ಹೆಸರಿಲ್ಲ. ಹಿಂದೆ ಮಲಗಿದ ಕೂಸು ಏನಾಯಿತೆಂದು ಗೊತ್ತಿಲ್ಲದ ತೊಟ್ಟಿಲನ್ನು ಯಾವ ತಾಯಿಯೂ ಮನೆಯೊಳಗೆ ಬಿಟ್ಟುಕೊಳ್ಳುವುದಿಲ್ಲ.

ಸಬೋಹತಳ ಮಗಳು ಮಫ್ತೂನಾ ಮದುವೆಯಾಗಿ ವರ್ಷಗಳು ಉರುಳಿದರೂ ಬಸಿರಾಗಲಿಲ್ಲ. ತವರಿಗೆ ಬಂದು ಆ ತೊಟ್ಟಿಲು ಕಂಡಾಗಲೆಲ್ಲ ಅಳುತ್ತಿದ್ದಳು. ಕೊನೆಗೆ ಅಕ್ಕ, "ಇದನ್ನ ನಿನ್ನ ಹತ್ರ ಇಟ್ಕೊಳೋ, ಅವಳ ಕಣ್ಣಿಗೆ ಬೀಳೋದು ಬೇಡ," ಎಂದು ತಮ್ಮನಿಗೆ ಕೊಟ್ಟಳು. ಇಟ್ಟುಕೋ ಎಂದಿದ್ದಳು, ಕೊಯ್ಯಿ ಎಂದಿರಲಿಲ್ಲ. ಆದರೆ ಒಂದು ಅತಿಥಿಗೃಹದ ಬೋಳು ಗೋಡೆ ಅವನನ್ನು ಕಾಡುತ್ತಿತ್ತು. ತೊಟ್ಟಿಲಿಗೆ ನಡುವೆ ಗರಗಸ ಹಾಕಿ ಎರಡು ಗೂಡು ಮಾಡಿ, ಗೋಡೆಗೆ ಬಿಗಿದು, ದಾಳಿಂಬೆ ಜೋಡಿಸಿದ. ನೋಡಿದವರೆಲ್ಲ ಆಹಾ ಎಂದರು. ಅವನೂ ಬೀಗಿದ.

ಮರುವರ್ಷ ಮಫ್ತೂನಾ ಬಸಿರಾದಳು.

"ತೊಟ್ಟಿಲು ಒರೆಸಿಡೋ, ನಾನು ಅಜ್ಜಿ ಆಗ್ತಿದೀನಿ!" ಎಂದು ಅಕ್ಕ ಬೀದಿಯಲ್ಲೇ ಕೂಗಿದಳು.

ತೊಟ್ಟಿಲು ಎರಡು ಹೋಳಾಗಿ ಗೋಡೆಯಲ್ಲಿತ್ತು. ಆಗಲೇ ಹೇಳಿದ್ದರೆ ಬೈಗುಳದಲ್ಲಿ ಮುಗಿಯುತ್ತಿತ್ತು. ಯಾವ ಕೂಸೂ ಮಲಗಿರದ ಹೊಸ ತೊಟ್ಟಿಲು ಮಾಡಿಕೊಟ್ಟಿದ್ದರೆ ಯಾವ ಭಯವೂ ಇರುತ್ತಿರಲಿಲ್ಲ. ಆದರೆ ಈ ಮಹಾಶಯನಿಗೆ ಬಾಯಿಗಿಂತ ಕೈಯ ಮೇಲೆ ನಂಬಿಕೆ. ಹಳೆ ಸಾಮಾನಿನ ಸಂತೆಯಲ್ಲಿ ಅಂಥದೇ ಒಂದನ್ನು ಹುಡುಕಿದ.

"ಯಾರ ಮನೇದಪ್ಪಾ ಇದು?"

"ಯಾರಿಗ್ ಗೊತ್ತು? ಹಳ್ಳಿ ಕಡೆಯಿಂದ ಬಂತು," ಎಂದ ಮಾರುವವನು.

ಅಷ್ಟು ಕೇಳಿಯೂ ಅವನು ಅದನ್ನು ಹೊತ್ತು ತಂದ. ಕೆತ್ತನೆ ತಿದ್ದಿ, ಮಸಿ ಉಜ್ಜಿ, ಅಕ್ಕನಿಗೆ ಕೊಟ್ಟ.

ತೊಟ್ಟಿಲಿಗೆ ಹಾಕುವ ದಿನ ಗಂಡಸರು ಬೀಗರ ಅಂಗಳದಲ್ಲಿ ಪಲಾವಿನ ಮುಂದೆ ಕೂತಿದ್ದರು. ಒಳಗೆ ಹಿರಿಯಜ್ಜಿ ವಾಡಿಕೆಯಂತೆ ಮಗುವನ್ನು ಬೇಕೆಂದೇ ತಲೆಯ ಕಡೆಗೆ ಕಾಲು ಮಾಡಿ ಮಲಗಿಸಿ, "ಹೀಗಾ?" ಎಂದಳು. "ಅಲ್ಲ, ಅಲ್ಲ!" ಎಂದು ಹೆಂಗಸರೆಲ್ಲ ಕೂಗಿ ನಕ್ಕರು. ಆಮೇಲೆ ಸರಿಯಾಗಿ ಮಲಗಿಸಿ, "ಇದರಲ್ಲಿ ಮಲಗಿದೋರೆಲ್ಲ ಬದುಕಿ ಬಾಳಿದಾರೆ, ನೀನೂ ಬಾಳು ಕಂದಾ," ಎಂದಳು ಅಜ್ಜಿ. ಹೊರಗೆ ಅದನ್ನು ಕೇಳಿಸಿಕೊಂಡ ನರ್ಜುಲ್ಲೊ ಕೈಯ ತುತ್ತನ್ನು ತಟ್ಟೆಗೇ ಹಾಕಿದ.

ಅಂದಿನಿಂದ ಅವನಿಗೆ ಕೆಲಸದಲ್ಲಿ ಮನಸ್ಸಿಲ್ಲ. ಮಗು ಸೀನಿತೆಂದರೆ ಸಾಕು, ಆ ಊರು ಹೆಸರಿಲ್ಲದ ತೊಟ್ಟಿಲಲ್ಲಿ ಯಾವ ಕೂಸು ಕಣ್ಣು ಮುಚ್ಚಿತ್ತೋ ಎಂದು ಬೆವರುತ್ತಿದ್ದ. ಏನಾದರೊಂದು ನೆಪ ಹೇಳಿ ಓಡಿ ಹೋಗಿ ನೋಡಿ ಬರುತ್ತಿದ್ದ.

"ನಮ್ಮ ಮಾಮನಂಥೋರು ಯಾರಿಗೂ ಇಲ್ಲ," ಎಂದು ಮಫ್ತೂನಾ ಹೊಗಳುವಳು. ಅವಳು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಒಂದು ಬೆಳಿಗ್ಗೆ ಮಗುವಿನ ಮೈ ಕಾದ ಹೆಂಚಾಗಿದೆ ಎಂಬ ಸುದ್ದಿ ಬಂತು. ನರ್ಜುಲ್ಲೊ ಬಿದ್ದಂಬೀಳ ಓಡಿದ. ಮಗಳ ಆರೈಕೆಗೆಂದು ಬೀಗರ ಮನೆಯಲ್ಲೇ ಉಳಿದಿದ್ದ ಸಬೋಹತ್ ಅಂಗಳದ ನಲ್ಲಿಯ ಹತ್ತಿರ ಮಗುವಿನ ಬಟ್ಟೆ ಒಗೆಯುತ್ತಿದ್ದಳು.

"ಅಕ್ಕ, ಅದು ನಮ್ಮ ತೊಟ್ಟಿಲಲ್ಲ. ನಮ್ಮದನ್ನ ನಾನು ಕೊಯ್ದುಬಿಟ್ಟೆ."

ಅವಳು ಬಟ್ಟೆ ಹಿಂಡುತ್ತಲೇ ಇದ್ದಳು. "ಕೊಯ್ದೆಯಾ? ಮಾರಿದ್ದೀಯ ಅಂದ್ಕೊಂಡಿದ್ದೆ."

"ನಿನಗೆ ಗೊತ್ತಿತ್ತಾ?"

"ಮೊದಲ ಸಲ ತೂಗಿದಾಗಲೇ ಗೊತ್ತಾಯ್ತು. ನಮ್ಮದು ಎಡಕ್ಕೆ ಕುಂಟ್ತಿತ್ತು. ಅದರಲ್ಲಿ ನಿನ್ನನ್ನ ತೂಗಿದ್ದು ನಾನೇ ಕಣೋ."

"ಮತ್ತೆ ಯಾಕೆ ಸುಮ್ಮನಿದ್ದೆ?"

"ಮನೆ ತುಂಬ ಬೀಗರು. ಮಗು ಮಲಗಿಬಿಟ್ಟಿತ್ತು. ಮಫ್ತೂನಾ ನಗ್ತಿದ್ಲು. ಎಷ್ಟು ವರ್ಷ ಆಗಿತ್ತೋ ಇವಳು ಹಾಗೆ ನಕ್ಕು. ಆವತ್ತಿಂದ ಇವಳಿಗೆ ಕಾಣದ ಹಾಗೆ, ಉಸಿರಾಡ್ತಿದೆಯಾ ಅಂತ ಮಗು ಮೂಗಿನ ಹತ್ರ ಬೆರಳಿಟ್ಕೊಂಡು ಕೂತಿದೀನಿ."

ಅವನ ಕಣ್ಣಲ್ಲಿ ನೀರು ಬಂತು. "ಈಗಲೇ ಮಫ್ತೂನಾಗೆ ಎಲ್ಲ ಹೇಳಿಬಿಡ್ತೀನಿ. ಹೊಸದು ಮಾಡ್ಕೊಡ್ತೀನಿ."

"ಮಲಗಿಸಿದ್ದಾಯ್ತಲ್ಲ, ಅದನ್ನ ಹೊಸದು ಅಳಿಸುತ್ತಾ? ಹೇಳಿ ನೀನು ಹಗುರಾಗ್ತೀಯ. ಇವಳು ಜೀವಮಾನ ಪೂರ್ತಿ ನನ್ನ ಹಾಗೆ ಬೆರಳಿಟ್ಕೊಂಡು ಕೂರಬೇಕಾ?"

ಅಷ್ಟರಲ್ಲಿ ಒಳಗಿಂದ ಮಫ್ತೂನಾ ಕೂಗಿದಳು: "ಅಮ್ಮಾ, ಜ್ವರ ಬಿಡ್ತು! ಮಾಮ ಬಂದ್ರಾ? ನಮ್ಮ ತೊಟ್ಟಿಲು ಕೈಬಿಡಲಿಲ್ಲ ನೋಡಿ!"

ಸಬೋಹತ್ ಒದ್ದೆ ಕೈಯನ್ನು ನಿಲುವಂಗಿಗೆ ಒರೆಸಿಕೊಂಡಳು. ಅವನತ್ತ ನೋಡಲಿಲ್ಲ.

"ಹೋಗು. ನಗ್ತಾ ಹೋಗು. ನಾನು ಇಷ್ಟು ದಿನ ಕೂತೆ, ಇನ್ನು ನೀನೂ ಕೂರು."

ನರ್ಜುಲ್ಲೊ ನಗುತ್ತಾ ಒಳಗೆ ಹೋದ.