ಏಳನೆಯ ನಿಲ್ದಾಣದ ಜಮಖಾನೆ

ನವಲಗುಂದದಲ್ಲಿ ನೀಲಕ್ಕನ ರೊಟ್ಟಿಯಷ್ಟು ಕೆಟ್ಟ ರೊಟ್ಟಿ ಇನ್ನೊಂದಿಲ್ಲ. ಒಂದು ತುದಿ ದಪ್ಪ, ಇನ್ನೊಂದು ತುದಿ ಹರಕು. ಇದನ್ನು ಆಕೆಯ ಗಂಡ ಭೀಮಶಿಯೇ ಟಂಟಂ ಓಡಿಸುತ್ತ ಕಂಡಕಂಡವರಿಗೆ ಹೇಳಿಕೊಂಡು ತಿರುಗುತ್ತಾನೆ. ಹೇಳಿ ಮುಗಿಸಿ ಖಾನಾವಳಿಯ ಮುಂದೆ ಗಾಡಿ ನಿಲ್ಲಿಸಿ ಹತ್ತು ರೊಟ್ಟಿ ಕಟ್ಟಿಸಿಕೊಂಡು ಮನೆಗೆ ಬರುತ್ತಾನೆ. ಅದೇ ಹೆಂಡತಿಯ ಕೈ ಜಮಖಾನೆಯ ಮೇಲೆ ನವಿಲು ಎಬ್ಬಿಸುತ್ತದೆ ಎಂಬುದರ ಬಗ್ಗೆ ಮಾತ್ರ ಅವನು ಬಾಯಿ ಬಿಡುವುದಿಲ್ಲ. ಓಣಿಗೆಲ್ಲ ಗೊತ್ತಿರುವ ಗುಟ್ಟು ಅದು, ಓಣಿಯೇ ಕಾಯ್ದುಕೊಂಡು ಬಂದಿದೆ.

ಗೋಡೆಗೆ ಗೋಡೆ ಹತ್ತಿದ ಬಾಜೂ ಮನೆಯ ನಸೀಮಾಬಿಯ ಹೆಸರಿನಲ್ಲಿ ಹೋಗುವ ಜಮಖಾನೆಗಳನ್ನು ಹನ್ನೊಂದು ವರ್ಷದಿಂದ ನೇಯುತ್ತಿರುವವಳು ನೀಲಕ್ಕ. ಆ ಮನೆತನದ ಕಟ್ಟಳೆ ಭಾರಿ ಬಿಗಿ. ಮಗ್ಗದ ವಿದ್ಯೆ ಮನೆಯ ಸೊಸೆಗೆ ಮಾತ್ರ. ಮಗಳಿಗೆ ಕಲಿಸಿದರೆ ಅವಳು ನವಿಲನ್ನೂ ಗಂಟು ಕಟ್ಟಿಕೊಂಡು ಗಂಡನ ಮನೆಗೆ ಹೋಗುತ್ತಾಳಂತೆ. ಹಾಗೆಂದೇ ನಸೀಮಾಬಿ ಒಬ್ಬಳೇ ಮಗಳು ಮುಮತಾಜ್‌ಗೆ ಒಂದು ಎಳೆ ಮುಟ್ಟಲೂ ಬಿಡದೆ ಸವಣೂರಿಗೆ ಕೊಟ್ಟಳು. ಆಮೇಲೆ ನೋಡಿದರೆ ಮನೆಯಲ್ಲಿ ಗಂಡುಮಗನೇ ಇಲ್ಲ, ಸೊಸೆ ಎಲ್ಲಿಂದ ಬರಬೇಕು? ಕಟ್ಟಳೆ ಮಾಡಿದ ಹಿರಿಯರು ಅಷ್ಟು ದೂರ ಯೋಚಿಸಿರಲಿಲ್ಲ. ಹಿರಿಯರಿಗೇನು, ಹೇಳಿ ಹೋಗಿಬಿಡುತ್ತಾರೆ.

ನೀಲಕ್ಕ ಮದುವೆಯಾಗಿ ಬಂದ ಹೊಸದರಲ್ಲಿ ನೂಲು ಸುತ್ತಿಕೊಡಲು ಆ ಮನೆಗೆ ಹೋದವಳು. ಒಲೆಯ ಮೇಲೆ ಬೇಳೆ ಇಟ್ಟು ಹೋದರೆ, ಸೀದ ವಾಸನೆ ಗೋಡೆ ದಾಟಿ ಬಂದಾಗಲೇ ಅವಳಿಗೆ ಮನೆಯ ನೆನಪು. ಮುದುಕಿಯ ಕಣ್ಣಿಗೆ ಪೊರೆ ಬಂದು, ಆಪರೇಷನ್ ಆದರೂ ಬೆಳಕು ತಿರುಗಿ ಬರದಿದ್ದಾಗ, ನೂಲು ಬಡಿದು ಕೂರಿಸುವ ಕಬ್ಬಿಣದ ಪಂಜಾ ಸದ್ದಿಲ್ಲದೆ ನೀಲಕ್ಕನ ಕೈಗೆ ಬಂತು. ಯಾರಾದರೂ ಕೇಳಿದರೆ ನಸೀಮಾಬಿ, “ಬಾಜೂ ಮನಿ ಹೆಣಮಗಳ್ರಿ, ನೂಲ ಸುತ್ತಾಕ ಬರ್ತಾಳ,” ಅನ್ನುತ್ತಿದ್ದಳು. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ನೀಲಕ್ಕ ಪಂಜಾವನ್ನು ಇನ್ನಷ್ಟು ಜೋರಾಗಿ ಬಡಿಯುತ್ತಿದ್ದಳು. ಇದು ನೀಲಕ್ಕನ ಕೈ ಎಂದು ಒಂದು ಸಲ, ಯಾರ ಎದುರಿಗಾದರೂ ಅನ್ನಿಸಿಕೊಳ್ಳಬೇಕು. ಆಕೆಗೆ ಬೇಕಾಗಿದ್ದದ್ದು ಅಷ್ಟೇ.

ಅಂಥದರಲ್ಲಿ ಊರಿಗೆ ಪರಂಪರೆ ಬಂತು. ಮೊದಲೂ ಇತ್ತೇನೋ, ಯಾರೂ ನಮಗೆ ಹೇಳಿರಲಿಲ್ಲ. ನಗರದಿಂದ ಪರಂಪರಾ ನಡಿಗೆ ಸಮಿತಿ ಎಂಬುದೊಂದು ಬಂದು, ಕುಸಿದ ಅಗಸಿ ಬಾಗಿಲು ಒಂದನೆಯ ನಿಲ್ದಾಣ, ಮಠ ಎರಡನೆಯದು, ದರ್ಗಾ ಮೂರನೆಯದು ಎಂದು ಊರಿಗೆಲ್ಲ ನಂಬರು ಹೊಡೆಯಿತು. ಎಮ್ಮೆಗಳು ಮುಳುಗೇಳುವ ಹೊಂಡಕ್ಕೂ ಐದನೆಯ ನಂಬರು ಸಿಕ್ಕಿತು. ಎಮ್ಮೆಗಳೇನೂ ಬೀಗಲಿಲ್ಲ. ನಸೀಮಾಬಿಯ ಮನೆ ಏಳನೆಯದು. ಅಲ್ಲಿ ನೇಯುವವಳ ಹೆಸರಿನ ಫಲಕ ಹಾಕುತ್ತಾರಂತೆ, ಅದೇ ಹೆಸರಿಗೆ ಗುರುತಿನ ಚೀಟಿಯಂತೆ, ಚೀಟಿ ಇದ್ದವರಿಗೆ ದೊಡ್ಡ ಊರಿನ ಪ್ರದರ್ಶನದಲ್ಲಿ ಮಳಿಗೆಯಂತೆ. ಫಲಕದ ಮೇಲೆ ಒಂದೇ ಹೆಸರಿಗೆ ಜಾಗ. ಸುದ್ದಿ ಕೇಳಿದಂದಿನಿಂದ ನೀಲಕ್ಕನಿಗೆ ಖಾನಾವಳಿಯ ರೊಟ್ಟಿಯೂ ರುಚಿಸಲಿಲ್ಲ.

ಸಮಿತಿಯ ಹನುಮೇಶ ಕ್ಯಾಮೆರಾ, ಫೈಲು ಹಿಡಿದು ಬಂದ. ಹಿಂದೂಗಳದ್ದು ಯಾವುದು, ಮುಸಲ್ಮಾನರದ್ದು ಯಾವುದು ಎಂದು ಮೊರದಲ್ಲಿ ಕಾಳು ಆರಿಸಿದಂತೆ ಊರನ್ನು ಬೇರೆ ಬೇರೆ ಮಾಡಿಕೊಂಡೇ ಬಂದಿದ್ದ.

“ಅಮ್ಮಾರ, ಮಗ್ಗದ ಮುಂದ ಕೂಡ್ರಿ, ಒಂದು ಫೋಟೋ.”

“ನನಗ ಕಣ್ಣು ಕಾಣಂಗಿಲ್ರಿ,” ಎಂದಳು ನಸೀಮಾಬಿ.

“ಕಾಣೂದು ಬ್ಯಾಡ್ರಿ, ಕೂತ್ರ ಸಾಕು.”

ನೀಲಕ್ಕ ಎಳೆ ಸರಿಮಾಡಲು ಬಗ್ಗಿದಳು. ಹನುಮೇಶ ಕೈ ಅಡ್ಡ ಮಾಡಿದ. “ಅಕ್ಕಾರ, ನೀವು ಸ್ವಲ್ಪ ಹೊರಗ ನಿಲ್ರಿ. ನಿಮ್ಮ ಕುಂಕುಮ ಫೋಟೋದಾಗ ಗೊಂದಲ ಮಾಡ್ತದ. ನಿಮ್ಮ ಮನಿ ಎಂಟನೇ ನಿಲ್ದಾಣ. ಮಂದಿ ಬಂದಾಗ ಅಲ್ಲೆ ರೊಟ್ಟಿ ಬಡೀರಿ. ಅದು ಹಿಂದೂ ಅಡಿಗಿ ಪರಂಪರಾ.”

ಹಾಗಾದರೆ ಪರಂಪರೆ ಕೆಟ್ಟಂತೆಯೇ, ಅಂದುಕೊಂಡಳು ನೀಲಕ್ಕ. ನಗು ಬರಬೇಕಿತ್ತು, ಅಳು ಬಂತು. ತಾನೇ ಎಬ್ಬಿಸಿದ ಅರ್ಧ ನವಿಲನ್ನು ಬಿಟ್ಟು ಹೊಸ್ತಿಲ ಹೊರಗೆ ಹೋಗಿ ನಿಂತಳು.

ಫೋಟೋ ಆಯಿತು. ಹನುಮೇಶ ಅಚ್ಚಾದ ಕಾಗದವೊಂದನ್ನು ತೆಗೆದು ಹೆಮ್ಮೆಯಿಂದ ಓದಿದ: “ಈ ಮನೆಯಲ್ಲಿ ನೇಯ್ಗೆಯನ್ನು ಸೊಸೆಗೆ ಮಾತ್ರ ಕಲಿಸುತ್ತಾರೆ.” ಐದು ಸಾವಿರ ಪ್ರತಿ ಹಂಚಿಯೂ ಆಗಿತ್ತಂತೆ. “ಫಲಕಕ್ಕ ಹೆಸರು ನಸೀಮಾಬಿ ಅಂತ ಬರೀಲ್ರಿ?”

“ನಾ ಎಲ್ಲೆ ನೇಯ್ತೀನಿ? ನೀಲಕ್ಕ ಅಂತ ಬರೀರಿ.”

ಹನುಮೇಶನ ಪೆನ್ನು ನಿಂತಿತು. “ಅವರು ನಿಮಗ ಏನಾಗಬೇಕ್ರಿ?”

“ಸೊಸಿ.”

“ಮಗನ ಹೆಸರು?”

“ಮಗ ಇಲ್ಲ.”

“ಮಗ ಇಲ್ಲದ ಸೊಸಿ ಹೆಂಗ್ರಿ?”

“ಸೊಸಿಗೆ ಕಲಸ್ತಾರ ಅಂತ ನೀವ ಬರದೀರಿ. ಇಕಿಗೆ ಕಲಿಸೀನಿ, ಇಕಿ ಸೊಸಿ ಆದ್ಲು. ಮಗ ಇರಬೇಕು ಅಂತ ಆ ಕಾಗದದಾಗ ಎಲ್ಲೆ ಐತಿ, ಓದಿ ಹೇಳ್ರಿ. ನನಗ ಕಣ್ಣು ಕಾಣಂಗಿಲ್ಲ.”

ಹನುಮೇಶ ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ಓದಿದ. ಎಲ್ಲೂ ಇರಲಿಲ್ಲ. ಮುದುಕಿಯ ಮಾತನ್ನು ತಳ್ಳಿಹಾಕಬಹುದು, ಅಚ್ಚಾದದ್ದನ್ನು ತಳ್ಳಿಹಾಕುವ ಧೈರ್ಯ ಯಾವ ಸಮಿತಿಗಿದೆ? ಬೆವರು ಒರೆಸಿಕೊಂಡು “ನೀಲಕ್ಕ, ಸೊಸೆ” ಎಂದು ಬರೆದುಕೊಂಡು ಹೋದ.

ನೀಲಕ್ಕ ಒಳಗೆ ಬಂದು ಮುದುಕಿಯ ಮೊಣಕಾಲು ಹಿಡಿದು ಕೂತಳು. ಇಷ್ಟು ವರ್ಷದ ಸಿಟ್ಟೆಲ್ಲ ಕಣ್ಣೀರಾಗಿ ಇಳಿಯುತ್ತಿತ್ತು. “ಖಾಲಾ, ಇಷ್ಟ ದಿನಾ ಯಾಕ ಹೇಳಲಿಲ್ಲ?”

“ಹೇಳಿದ್ರ ಮುಮತಾಜ್ ಕಿವಿಗೆ ಬೀಳ್ತಿತ್ತವಾ. ಮಂದಿ ಮಗಳಿಗೆ ಕಲಿಸಿದಿ, ನನಗ್ಯಾಕ ಕಲಿಸಲಿಲ್ಲ ಅಂದ್ರ ಏನ್ ಹೇಳ್ಲಿ? ಸಣ್ಣಾಕಿ ಇದ್ದಾಗ ಮಗ್ಗದ ಮುಂದ ಬಂದು ಕೂಡ್ರತಿದ್ಲು. ಕೈಮ್ಯಾಲೆ ಹೊಡದು ಎಬ್ಬಿಸೀನಿ.” ನಸೀಮಾಬಿ ಸೆರಗಿನಿಂದ ಮುಖ ಒರೆಸಿಕೊಂಡಳು. “ಫಲಕ ಹಾಕೂಕಿಂತ ಮೊದಲ ಆಕಿ ನಮ್ಮ ಬಾಯಿಂದ ಕೇಳಲಿ. ಫೋನ್ ಹಚ್ಚು. ಬಂದು ಕಲಿ ಅನ್ನು. ನೀನ ಕಲಸು.”

“ನೀವ ಮಾತಾಡ್ರಿ.”

“ಆಕಿ ಜೋಡಿ ಮಾತಾಡಾಕ ನನಗ ಬಾಯಿ ಇಲ್ಲವ್ವಾ.”

ನೀಲಕ್ಕ ಫೋನು ಹಚ್ಚಿದಳು. ಸವಣೂರಿನಿಂದ “ಯಾರ್ರಿ?” ಎಂಬ ದನಿ ಬಂತು. ಬಾಜೂ ಮನೆಯವಳು ಎಂದು ಹೇಳಿ ರೂಢಿಯಾದ ನಾಲಿಗೆ ಒಂದು ಗಳಿಗೆ ತಡವರಿಸಿತು.

“ಮುಮತಾಜ್, ನಾನವಾ, ನಿಮ್ಮ ವೈನಿ,” ಎಂದಳು.

ಅತ್ತಿಗೆ ಇರಲು ಮುಮತಾಜ್‌ಗೆ ಅಣ್ಣನೂ ಇಲ್ಲ, ತಮ್ಮನೂ ಇಲ್ಲ. ಆದರೂ ಆಕೆ ಫೋನು ಇಡಲಿಲ್ಲ.