ದನ ಸಾಯದ ಕಾಮಿಕ್ಸ್

ಹೋದ ತಿಂಗಳು ತೇನಿ ಬಸ್ ನಿಲ್ದಾಣದ ಹತ್ತಿರ ತಮ್ಮನ ಮಗನ ಬೈಕ್ ಪಂಕ್ಚರ್ ಆಯಿತು. ಅಂಗಡಿಯವನು ಟ್ಯೂಬನ್ನು ಉಜ್ಜಿ, ಸಣ್ಣ ಡಬ್ಬಿಯ ಮುಚ್ಚಳ ತೆಗೆದು ಸಲ್ಯೂಷನ್ ಬಳಿದ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ದಿಂಡಿಗಲ್‌ನ ಪತ್ರಿಕೆ ಕಚೇರಿಯ ಮಹಡಿ ಕೋಣೆಗೆ ಹೋಗಿಬಿಟ್ಟೆ. “ಏನತ್ತೆ, ಮಯಕ್ಕ ಬಂತಾ?” ಎಂದು ಹುಡುಗ ಗಾಬರಿಯಾದ. ತಲೆ ಸುತ್ತು ಏನೂ ಬಂದಿರಲಿಲ್ಲ. ಎಡಿಟರ್ ಮಾಮ ನೆನಪಾಗಿದ್ದರು, ಅಷ್ಟೆ.

ಮಾಮ ಎಂದರೆ ತಾಯಿಯ ಒಡಹುಟ್ಟಿದವರಲ್ಲ. ತಮಿಳುನಾಡಿನ ಕಂಬಂ ಕಡೆಯ ನಮ್ಮ ಕನ್ನಡದವರಲ್ಲಿ ವಯಸ್ಸಾದ ಗಂಡಸರೆಲ್ಲ ಒಂದೋ ಮಾಮ, ಇಲ್ಲ ದೊಡ್ಡಪ್ಪ. ಇವರು ದಿಂಡಿಗಲ್‌ನಲ್ಲಿ ತಮಿಳು ಕಾಮಿಕ್ಸ್ ಮಾಸಿಕ ನಡೆಸುತ್ತಿದ್ದರು. ಕುದುರೆ, ಬಂದೂಕು, ಅಗಲ ಟೋಪಿಯ ಹೊರದೇಶದ ಕಥೆಗಳನ್ನು ತರಿಸಿ ತಾವೇ ತಮಿಳಿಗೆ ತಿರುಗಿಸುತ್ತಿದ್ದರು. ಚಿನ್ನಾಳಪಟ್ಟಿಯಲ್ಲಿ ಸೀರೆ ಅಂಚಿಗೆ ನಕ್ಷೆ ಬರೆದುಕೊಂಡಿದ್ದ ನನ್ನನ್ನು ಕರೆತಂದು ಚಿತ್ರದ ಗುಳ್ಳೆಯೊಳಗಿನ ಮಾತುಗಳನ್ನು ಬರೆಯಲು ಕೂರಿಸಿದರು. ನನ್ನ ಅಕ್ಷರ ನೆಟ್ಟಗಿದೆ ಎನ್ನುವುದು ಅವರು ಹೇಳಿದ ಕಾರಣ. ದಿಂಡಿಗಲ್‌ನಲ್ಲಿ ಮನೆ ಮಾತಿನಲ್ಲಿ ಬೈಯಲು ಅವರಿಗೆ ಬೇರೆ ಯಾರೂ ಸಿಕ್ಕಿರಲಿಲ್ಲ ಎನ್ನುವುದು ನನಗೆ ಗೊತ್ತಿದ್ದ ಕಾರಣ.

ಮಾತುಗಳನ್ನು ಕಾಗದದ ಪಟ್ಟಿಯ ಮೇಲೆ ಬರೆದು, ಕತ್ತರಿಸಿ, ಚಿತ್ರದ ಮೇಲೆ ಅಂಟಿಸುತ್ತಿದ್ದೆವು. ಗೋಂದು ಹಚ್ಚಿದರೆ ಕಾಗದ ಸುಕ್ಕಾಗುತ್ತದೆ, ಮತ್ತೆ ಕೀಳಲೂ ಬರುವುದಿಲ್ಲ. ಸೈಕಲ್ ಸಲ್ಯೂಷನ್ನಾದರೆ ಮೆಲ್ಲಗೆ ಎತ್ತಿ ಬೇರೆ ಕಡೆ ಅಂಟಿಸಬಹುದು. ಮಾಮನ ಮನಸ್ಸು ಗಳಿಗೆಗೊಮ್ಮೆ ಬದಲಾಗುತ್ತಿದ್ದುದರಿಂದ ಆ ಡಬ್ಬಿಯಿಲ್ಲದೆ ನಮ್ಮ ಪತ್ರಿಕೆಯೇ ಇರಲಿಲ್ಲ. ಅಚ್ಚಾದ ಕಟ್ಟುಗಳು ಬಸ್ಸಿನ ಮೇಲೆ ನಿಲಕ್ಕೋಟ್ಟೈಯ ಹೂವಿನ ಬುಟ್ಟಿಗಳ ಪಕ್ಕ ಕೂತು ಕಂಬಂ ತನಕ ಹೋಗುತ್ತಿದ್ದವು.

ಅವರನ್ನು ಹೊಗಳುವವರು ಕಾಲಿಗೆ ಬೀಳುವಷ್ಟು ಹೊಗಳುತ್ತಿದ್ದರು. ಬೆಟ್ಟದಾಚೆ ಏನಿದೆ ಎಂದು ತಿಳಿಯದ ನಮಗೆ ಲೋಕ ತೋರಿಸಿದ ಪುಣ್ಯಾತ್ಮ ಎನ್ನುತ್ತಿದ್ದರು. ಬೈಯುವವರು ಇಟ್ಟ ಹೆಸರು ‘ಕತ್ತರಿ ಎಡಿಟರ್’. ಅದೂ ಸುಳ್ಳಲ್ಲ. ನಮ್ಮ ಕಾಮಿಕ್ಸಿನಲ್ಲಿ ಮನುಷ್ಯರು ಸಾಲುಸಾಲಾಗಿ ಗುಂಡು ತಿಂದು ಬೀಳುತ್ತಿದ್ದರು. ಕುದುರೆ ಬೀಳುತ್ತಿತ್ತು, ತೋಳ ಬೀಳುತ್ತಿತ್ತು. ದನ ಮಾತ್ರ ಒಂದೂ ಸಾಯುತ್ತಿರಲಿಲ್ಲ. ಮೂಲದಲ್ಲಿ ದನ ಸಾಯುವ ಚಿತ್ರ ಬಂದರೆ ಮಾಮ ಅದನ್ನು ಕಿತ್ತು, ಆ ಜಾಗದಲ್ಲಿ ನನ್ನಿಂದ ಒಂದು ಬಂಡೆಯನ್ನೋ ಕಳ್ಳಿಗಿಡವನ್ನೋ ಬರೆಸುತ್ತಿದ್ದರು. ಆ ಕಾಲದಲ್ಲಿ ನಾನು ಬರೆದಷ್ಟು ಕಳ್ಳಿಗಿಡ ಯಾವ ಮರುಭೂಮಿಯಲ್ಲೂ ಇರಲಾರದು.

ಕಾರಣ ಓದುಗರಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ಕಂಬಂನಲ್ಲಿ ನಮ್ಮ ಜನಕ್ಕೆ ದೇವರ ದನಗಳ ಮಂದೆ ಇದೆ. ಅವನ್ನು ನೇಗಿಲಿಗೆ ಕಟ್ಟುವುದಿಲ್ಲ, ಮಾರುವುದಿಲ್ಲ, ಸತ್ತರೆ ಮನುಷ್ಯರಂತೆಯೇ ಮಣ್ಣು ಮಾಡುತ್ತೇವೆ. ಮಾಮ ಆ ಮಂದೆ ಕಾಯುವ ಮನೆಯವರು. ಬಾಲ್ಯವೆಲ್ಲ ಅವುಗಳ ಹಿಂದೆಯೇ ಕಳೆದವರು. ಎಲ್ಲಿದ್ದರೂ ಪೊಂಗಲ್‌ಗೆ ಊರಿಗೆ ಹೋಗಿ, ಮಂದೆಗೆ ಹಿರಿಯನಾದ ಪಟ್ಟದ ಎತ್ತಿನ ಮುಂದೆ ಕೈ ಮುಗಿದು, ಅದರ ಗಂಗೆದೊಗಲು ನೀವಿ ಬರುತ್ತಿದ್ದರು. ಬಂದ ಮೇಲೆ ವಾರವಿಡೀ ನನ್ನನ್ನು ಬೈಯುತ್ತಿರಲಿಲ್ಲ.

ಹೀಗಿರುವಾಗ ಒಂದು ದೊಡ್ಡ ಕಥೆ ಬಂತು. ಅದರ ನಾಯಕ ದನ ಸಾಕಿಕೊಂಡಿರುವ ಒಂಟಿ ಮನುಷ್ಯ. ಅವನ ಮಂದೆಗೆ ವಾಸಿಯಾಗದ ರೋಗ ಬರುತ್ತದೆ. ಬಿಟ್ಟರೆ ಆ ಸೀಮೆಯ ದನಗಳೆಲ್ಲ ಸಾಯುತ್ತವೆ. ಕೊನೆಗೆ ಅವನು ತಾನು ಸಾಕಿದ ಅಷ್ಟೂ ದನಗಳನ್ನು ತಾನೇ ಹೆಸರು ಹಿಡಿದು ಕರೆದು, ಗುಂಡಿಟ್ಟು ಕೊಂದು, ನೆಲದ ಮೇಲೆ ಕೂತು ಅಳುತ್ತಾನೆ. ಕೊಲ್ಲುವ ಪುಟಗಳನ್ನು ಮಾಮ ಪೂರಾ ತೆಗೆದುಹಾಕಿದರು. ನಮ್ಮ ಕಥೆಯಲ್ಲಿ ದನಗಳು ಸುಖವಾಗಿ ಬೆಟ್ಟ ದಾಟಿ ಹೋದವು. ಆದರೆ ಅಳುವ ಚಿತ್ರ ಉಳಿಯಿತಲ್ಲ! ಅದಕ್ಕೊಂದು ಕಾರಣ ಬೇಕಿತ್ತು. ಮಾಮ ಗುಳ್ಳೆಯಲ್ಲಿ “ಅಯ್ಯೋ, ನನ್ನ ಅಮ್ಮ ಹೋದಳೇ!” ಎಂದು ಬರೆಸಿದರು.

ಊರೂರಿನ ಓದುಗರು ಹೊಟ್ಟೆ ಹಿಡಿದುಕೊಂಡು ನಕ್ಕರು. ತೇನಿಯಿಂದ ಒಬ್ಬರು ಕಚೇರಿಗೇ ಬಂದು, “ಕಥೆಯಲ್ಲೇ ಇಲ್ಲದ ಅಮ್ಮ ಎಲ್ಲಿಂದ ಬಂದಳು ಸಾರ್?” ಎಂದು ತಮಿಳಿನಲ್ಲಿ ಕೇಳಿ ಹೋದರು. ಇನ್ಯಾರೋ ಮೂಲ ಪುಸ್ತಕ ಸಂಪಾದಿಸಿ, ಎರಡನ್ನೂ ಕಥೆಯ ಒಡೆಯರಿಗೆ ಕಳಿಸಿದರು. ಅಲ್ಲಿಂದ ಖಡಾಖಂಡಿತ ಮಾತು ಬಂತು. ಒಂದು ಗೆರೆಯೂ ಬಿಡದೆ ಪೂರ್ತಿ ಕಥೆಯನ್ನು ಮತ್ತೆ ಅಚ್ಚು ಮಾಡಬೇಕು, ಇಲ್ಲವಾದರೆ ಇನ್ನು ಮುಂದೆ ಯಾವ ಕಥೆಯೂ ಇಲ್ಲ. ಕಥೆಯಿಲ್ಲದೆ ಪತ್ರಿಕೆ ಎಲ್ಲಿಯದು?

ಮಾಮ ಒಪ್ಪಲಿಲ್ಲ. ನನಗೆ ಸಿಟ್ಟು ಬಂತು. ಅವರ ಮೇಲೆಯೇ. “ಮಾಮ, ಅದು ಬರೀ ಪಡ, ಬರ್ದಿರೋ ಚಿತ್ರ. ಯಾವ ಜೀವ ಓತದೆ ಅದ್ರಾಗೆ?” ಎಂದೆ.

“ಪಡಾನೇ ತಾಯಿ,” ಎಂದರು. “ಮಸಿ, ಕಾಗ್ದ, ನಂಗೂ ಗೊತ್ತು. ಆದ್ರೆ ಅದ್ನ ಲೋಕಕ್ಕೆ ತೋರ್ಸೋ ಕೈ ನಂದು. ಆ ಕೈಯಾಗೆ ನಾ ಎಂಗೆ ಎತ್ತನ್ನ ಮುಟ್ಲಿ?”

ಎರಡು ದಿನ ಕಚೇರಿಗೆ ಬರಲಿಲ್ಲ. ಬಂದವರು ಕುರ್ಚಿಯಲ್ಲಿ ಕೂರದೆ ನನ್ನ ಮೇಜಿನ ಹತ್ತಿರ ನಿಂತರು. “ಆಕಣ. ಒಂದು ಪುಟಾನೂ ಬಿಡದಂಗೆ ಅಚ್ಚಿಗೆ ಆಕಣ. ಎಡಿಟರ್ ಅಂತ ನನ್ ಎಸ್ರು ಮಾತ್ರ ಬ್ಯಾಡ.”

ಆ ಪುಟಗಳಿಗೆ ಅವರು ಕೂತು ಬರೆದದ್ದನ್ನು ನಾನು ನೋಡಿದ್ದೇನೆ. ಬರೆಯುವುದು, ಎದ್ದು ಕಿಟಕಿಗೆ ಹೋಗುವುದು, ಮತ್ತೆ ಬರೆಯುವುದು... ನಾಯಕ ದನಗಳನ್ನು ಕರೆಯುವ ಗುಳ್ಳೆಗೆ ತಮಿಳೇ ಸಿಗಲಿಲ್ಲ ಅವರಿಗೆ. ಕೊನೆಗೆ ನಮ್ಮ ಮಂದೆಯವರು ಕರೆಯುವ ಹಾಗೆಯೇ, “ಬಾ ಅಪ್ಪಯ್ಯಾ, ಬಾ... ಬಾ” ಎಂದು ನಮ್ಮ ಮಾತಿನಲ್ಲೇ, ತಮಿಳು ಅಕ್ಷರದಲ್ಲಿ ಬರೆಸಿದರು. ಆ ಗುಳ್ಳೆಯ ಅಕ್ಷರ ಸೊಟ್ಟ ಬಂತು. ನೆಟ್ಟಗಿನ ಅಕ್ಷರ ಎಂದು ಕರೆತಂದವರು ಆ ದಿನ ಆ ಸೊಟ್ಟ ಪಟ್ಟಿಯನ್ನೇ ಅಂಟಿಸಿದರು.

ಆ ಸಂಚಿಕೆ ಬಂದಾಗ ಓದುಗರು ಅತ್ತರು. ಎಡಿಟರ್ ಹೆಸರಿಲ್ಲದ್ದು ನೋಡಿ, ಕತ್ತರಿಯವರನ್ನು ಓಡಿಸಿಬಿಟ್ಟರು, ಇನ್ನು ಪತ್ರಿಕೆ ಉದ್ಧಾರವಾಯಿತು ಎಂದು ಪಟಾಕಿ ಹೊಡೆಯದಿದ್ದುದೇ ಹೆಚ್ಚು. ಮುಂದಿನ ಸಂಚಿಕೆಯಲ್ಲಿ ಮತ್ತೆ ಹೆಸರು ಕಂಡಾಗ ಮುಖ ಸಿಂಡರಿಸಿದರು. ಆ ಸಂಚಿಕೆ ಮಾಡಿದ್ದೂ ತಾವೇ ಎಂದು ಮಾಮ ಹೊರಗೆ ಬಿಟ್ಟುಕೊಡಲಿಲ್ಲ. ಆಮೇಲೆ ಕೆಲವು ವರ್ಷ ಪತ್ರಿಕೆ ನಡೆಯಿತು. ಮತ್ತೆ ಅದೂ ನಿಂತಿತು.

ಆ ಸಂಚಿಕೆ ಬಂದ ವರ್ಷ ಪೊಂಗಲ್‌ಗೆ ಅವರು ಊರಿಗೆ ಹೊರಡಲಿಲ್ಲ. ಮರುವರ್ಷವೂ ಇಲ್ಲ. ಅಮ್ಮನ ಮನೆಗೆ ಹೊರಟಿದ್ದ ನಾನು, “ಬರಲ್ವಾ ಮಾಮ, ಮಂದೆ ಕಾಯ್ತದೆ” ಎಂದು ಕರೆದೆ. “ನೀ ಓಗಿ ಬಾ ತಾಯಿ. ನಾ ಯಾವ ಮೊಕ ಇಟ್ಕಂಡು ಬರ್ಲಿ?” ಎಂದರು. ಊರಿನವರು ಯಾರೂ ಅವರನ್ನು ಬೇಡ ಎಂದಿರಲಿಲ್ಲ. ಅವರಲ್ಲಿ ಆ ಪುಸ್ತಕ ನೋಡಿದವರೇ ಇಲ್ಲ. ಮಾಮ ತಮಗೆ ತಾವೇ ವಿಧಿಸಿಕೊಂಡದ್ದು ಅದು. ಸಾಯುವವರೆಗೂ ಅವರು ಆ ಎತ್ತುಗಳ ಹತ್ತಿರ ಹೋಗಲಿಲ್ಲ. ಅವರ ಈ ಹಟ ನೆನೆದರೆ ನನಗೆ ಇವತ್ತಿಗೂ ಕೋಪ ಬರುತ್ತದೆ, ಕೋಪದ ಹಿಂದೆಯೇ ಕಣ್ಣೂ ತುಂಬುತ್ತದೆ.

ಅವರು ಹೋಗಿ ಈಗ ಎರಡು ವರ್ಷ. ಹಳೆಯ ಓದುಗರದ್ದೊಂದು ವಾಟ್ಸಾಪ್ ಗುಂಪಿದೆ, ನಾನೂ ಇದ್ದೇನೆ. ಮೊನ್ನೆ ಯಾರೋ ಆ ಕೊಲ್ಲುವ ಪುಟದ ಫೋಟೊ ಹಾಕಿ, “ಕತ್ತರಿಯವರ ಕೈ ತಾಗದ ಒಂದೇ ಸಂಚಿಕೆ. ಆ ಕೂಗು ಯಾವ ಭಾಷೆಯೋ, ಓದಿದರೆ ಈಗಲೂ ಮೈ ಜುಮ್ ಎನ್ನುತ್ತದೆ. ಅನುವಾದ ಮಾಡಿದ ಮಹಾನುಭಾವರು ಯಾರು?” ಎಂದು ಕೇಳಿದ್ದರು. ಇಷ್ಟು ವರ್ಷ ಬಾಯಿ ಮುಚ್ಚಿಕೊಂಡಿದ್ದವಳು ಅವತ್ತು ತಡೆಯಲಾರದೆ ಬರೆದೆ: ಎಡಿಟರೇ ಮಾಡಿದ್ದು, ನಾನು ಪಕ್ಕದಲ್ಲಿದ್ದೆ.

ತಕ್ಷಣ ಉತ್ತರ ಬಂತು, ನಗುವ ಮುಖಗಳ ಜೊತೆ. “ಅಮ್ಮಾ, ನಿಮಗೆ ಅವರ ವಿಷಯ ಗೊತ್ತಿಲ್ಲ. ಅವರಿಗೆ ಒಂದು ದನ ಕೊಲ್ಲಲೂ ಆಗುತ್ತಿರಲಿಲ್ಲ.”

ಫೋನು ಕೆಳಗಿಟ್ಟೆ. ಆ ಓದುಗರು ಹೇಳಿದ್ದು ನಿಜವೇ ಆಗಿತ್ತು. ನಡೆದದ್ದನ್ನು ಹೇಳಿಕೊಂಡು ಒಂದು ಗಳಿಗೆ ನಕ್ಕು, ಮನೆ ಮಾತಿನಲ್ಲಿ ಬೈಸಿಕೊಳ್ಳೋಣ ಎಂದರೆ ಮಾಮ ಇಲ್ಲ.